ಲಾರಿ ಚಾಲಕ ಯಾವಾಗ ಮಲಗಬೇಕು, ಎಲ್ಲಿ ಮಲಗಬೇಕು

ಉತ್ತರ ಕನ್ನಡದ ಹಳದೀಪುರದಲ್ಲಿ ನಿಂತವರಿಗೆ ದೂರದೂರಿನ ಲಾರಿಗಳು ಎರಡು ಬಗೆಯಲ್ಲಿ ಕಾಣಸಿಗುತ್ತವೆ. ಒಂದು, ಹೊನ್ನಾವರದಿಂದ ಕುಮಟಾದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಮಂಗಳೂರಿನಲ್ಲಿ ತುಂಬಿಕೊಂಡ ಗ್ಯಾಸ್ ಟ್ಯಾಂಕರು, ಕೇರಳಕ್ಕೆ ಮರ ಹೊತ್ತ ಲಾರಿ, ಗುಜರಾತಿನಿಂದ ಟೈಲ್ಸ್ ತರುವ ಹನ್ನೆರಡು ಚಕ್ರದ ಗಾಡಿ, ಮಂಜುಗಡ್ಡೆಯ ನೀರು ಸೋರಿಸುತ್ತ ಓಡುವ ಮೀನಿನ ಲಾರಿ ಎಲ್ಲವೂ ಹಗಲು ರಾತ್ರಿ ಎನ್ನದೆ ಇಲ್ಲಿ ಹಾದುಹೋಗುತ್ತವೆ. ಇನ್ನೊಂದು, ಊರಿನ ಪೂರ್ವಕ್ಕಿರುವ ಕೊಂಕಣ ರೈಲಿನ ಹಳಿಯ ಮೇಲೆ. ಚಪ್ಪಟೆ ವ್ಯಾಗನ್ನುಗಳ ಮೇಲೆ ಸಾಲಾಗಿ ನಿಲ್ಲಿಸಿ ಬಿಗಿದ ಲಾರಿಗಳನ್ನು ಹೊತ್ತ ರೋ-ರೋ ರೈಲು ಅದು. 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾದ ಈ ಸೇವೆ ಮುಂದೆ ಸುರತ್ಕಲ್‌ವರೆಗೂ ಬಂತು. ಘಟ್ಟದ ಏರಿಳಿತ, ಮಳೆಗಾಲದ ಗುಂಡಿ, ರಾತ್ರಿಯ ಎದುರುಬೆಳಕು ಎಲ್ಲವನ್ನೂ ಬಿಟ್ಟು ಏಳುನೂರು ಕಿಲೋಮೀಟರಿನಷ್ಟು ದಾರಿಯನ್ನು ಲಾರಿ ರೈಲಿನ ಬೆನ್ನ ಮೇಲೆ ಕೂತು ಕಳೆಯುತ್ತದೆ. ಚಾಲಕ ತನ್ನ ಕ್ಯಾಬಿನ್ನಿನಲ್ಲೇ ಇರುತ್ತಾನೆ. ನಿದ್ದೆ ಬಂದರೆ ಮಲಗುತ್ತಾನೆ.

ರಸ್ತೆಯ ಮೇಲಿನ ಚಾಲಕನೂ ಹಳಿಯ ಮೇಲಿನ ಚಾಲಕನೂ ಒಂದೇ ಕಸುಬಿನವರು. ಇಂದು ಇವನು ರಸ್ತೆಯಲ್ಲಿದ್ದರೆ ನಾಳೆ ಅವನೇ ರೈಲಿನ ಮೇಲಿರಬಹುದು. ಸರಕೂ ಹೆಚ್ಚುಕಡಿಮೆ ಅದೇ. ಹಾಗಿದ್ದೂ ಒಂದು ಕಡೆ ನಿದ್ದೆಗೆ ಜಾಗವಿದೆ, ಇನ್ನೊಂದು ಕಡೆ ಇಲ್ಲ. ಈ ವ್ಯತ್ಯಾಸ ಚಾಲಕನ ಶಿಸ್ತಿನಿಂದ ಬಂದದ್ದಲ್ಲ, ಸಾಗಾಟದ ಏರ್ಪಾಡಿನಿಂದ ಬಂದದ್ದು. ಹೆದ್ದಾರಿಯ ಲಾರಿ ಅಪಘಾತಗಳ ಬಗ್ಗೆ ಮಾತಾಡುವಾಗ ನಾವು ಮರೆಯುವುದು ಇದನ್ನೇ. ಚಾಲಕನ ವಿಶ್ರಾಂತಿಯನ್ನು ಅವನ ಸ್ವಂತ ವಿವೇಕಕ್ಕೆ ಬಿಟ್ಟುಬಿಟ್ಟಿದ್ದೇವೆ. ಅದು ಬಾಡಿಗೆಯ ದರದೊಳಗೆ, ರಸ್ತೆಯ ನಕ್ಷೆಯೊಳಗೆ, ಸರಕು ಕಳಿಸುವವನ ಒಪ್ಪಂದದೊಳಗೆ ಸೇರಬೇಕು ಎಂಬುದು ನನ್ನ ವಾದ.

ಅಪಘಾತವಾದ ಕೂಡಲೇ ಪೊಲೀಸರು ಬರೆಯುವ ಮೊದಲ ವಾಕ್ಯದಲ್ಲಿ ‘ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆ’ ಇರುತ್ತದೆ. ಚಾಲಕ ಕೊನೆಯ ಸಲ ಮಲಗಿ ಎಷ್ಟು ಹೊತ್ತಾಗಿತ್ತು ಎಂಬ ಪ್ರಶ್ನೆ ಅಲ್ಲಿರುವುದಿಲ್ಲ. ಕುಡಿದಿದ್ದನೇ ಎಂದು ನೋಡಲು ಯಂತ್ರವಿದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯವಿದ್ದರೆ ಅಪರಾಧ ಎಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ನಿದ್ದೆಗೆಟ್ಟ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂಬುದೂ ಅಳತೆಗೆ ಸಿಗದ ವಿಷಯವೇನಲ್ಲ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಂಶೋಧನೆಯೊಂದು, 17 ಗಂಟೆ ಎಡೆಬಿಡದೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ ನೂರು ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ತೋರಿಸಿತು. ನಮ್ಮ ಕಾನೂನಿನ ಮಿತಿಗಿಂತ ಅದು ಹೆಚ್ಚು. ಬೆಳಿಗ್ಗೆ ಆರಕ್ಕೆ ಎದ್ದು ಲೋಡು ಮಾಡಿಸಿ, ಟಾರ್ಪಾಲು ಕಟ್ಟಿ, ಸಂಜೆ ಹೊರಟ ಚಾಲಕ ರಾತ್ರಿ ಹನ್ನೊಂದಕ್ಕೆ ಆ ಸ್ಥಿತಿಗೆ ಬಂದಿರುತ್ತಾನೆ. ಅವನ ಮುಂದೆ ಇಡೀ ರಾತ್ರಿ ಬಾಕಿ ಇರುತ್ತದೆ. ದೇಹ ತಾನಾಗಿಯೇ ನಿದ್ದೆಗೆ ಜಾರುವ ಎರಡರಿಂದ ಆರರ ಬೆಳಗಿನ ಜಾವವೂ ಬಾಕಿ ಇರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಲಾರಿ ನಾಲ್ಕು ಸೆಕೆಂಡಿನ ತೂಕಡಿಕೆಯಲ್ಲಿ 66 ಮೀಟರ್ ದಾಟುತ್ತದೆ. ಕರಾವಳಿಯ ಈ ಹೆದ್ದಾರಿಯಲ್ಲಿ ಅಷ್ಟು ದೂರದೊಳಗೆ ಒಂದು ಮನೆಯಂಗಳವೋ ಬಸ್ಸಿಗೆ ಕಾದು ನಿಂತ ಮಂದಿಯೋ ಇರದ ಜಾಗ ಅಪರೂಪ. 2015ರಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದಾಗ ಸುಟ್ಟುಹೋದವರಲ್ಲಿ ತಮ್ಮ ಪಾಡಿಗೆ ಮನೆಯಲ್ಲಿದ್ದವರೂ ಇದ್ದರು. ಆ ಟ್ಯಾಂಕರ್ ಯಾಕೆ ಉರುಳಿತೆಂಬ ಮಾತನ್ನು ಇಲ್ಲಿ ಎತ್ತುತ್ತಿಲ್ಲ. ಇಂಥ ದಾರಿಯಲ್ಲಿ ಚಾಲಕನ ಎಚ್ಚರ ಅವನೊಬ್ಬನ ಸಂಗತಿಯಲ್ಲ ಎನ್ನುವುದಷ್ಟೇ ಉದ್ದೇಶ.

ಹಾಗಾದರೆ ಕೆಲಸದ ಹೊತ್ತಿಗೆ ಮಿತಿ ಹಾಕುವ ಕಾನೂನೇ ಇಲ್ಲವೇ? ಇದೆ, ಅರುವತ್ತು ವರ್ಷದಿಂದ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ದೂರದ ಮಾರ್ಗಗಳಿಗೆ ಅನುಮತಿ ಪಡೆದು 10 ಗಂಟೆ, ವಾರಕ್ಕೆ 54ರವರೆಗೆ ಹೋಗಬಹುದು, ಅದಕ್ಕಿಂತ ಹೆಚ್ಚು ಕೂಡದು ಎಂದಿತು. ಐದು ಗಂಟೆಯ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ, ಹೆಚ್ಚುವರಿ ಹೊತ್ತಿಗೆ ದುಪ್ಪಟ್ಟು ಕೂಲಿ, ಎಲ್ಲವೂ ಅದರಲ್ಲಿತ್ತು. 1988ರ ಮೋಟಾರು ವಾಹನ ಕಾಯಿದೆಯ 91ನೇ ಕಲಮು ಚಾಲಕರ ಕೆಲಸದ ಹೊತ್ತಿಗೆ ಇದನ್ನೇ ಆಧಾರವಾಗಿಟ್ಟುಕೊಂಡಿತು. ಓದಿದರೆ ಒಳ್ಳೆಯ ಕಾನೂನೇ ಅನ್ನಿಸುತ್ತದೆ. ತೊಂದರೆ ಇರುವುದು ಅದು ಯಾರನ್ನು ಮುಟ್ಟುತ್ತದೆ, ಯಾವ ಹೊತ್ತನ್ನು ಎಣಿಸುತ್ತದೆ ಎಂಬಲ್ಲಿ.

ಐದು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಾರಿಗೆ ಸಂಸ್ಥೆಗಳಿಗೆ ಮಾತ್ರ ಆ ಕಾಯಿದೆ ಅನ್ವಯವಾಗುತ್ತಿತ್ತು. ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಒಂದೆರಡು ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರವು. ಬ್ಯಾಂಕಿನ ಸಾಲದಲ್ಲಿ ಲಾರಿ ತಂದು, ಒಬ್ಬ ಚಾಲಕನನ್ನು ಇಟ್ಟು ಅಥವಾ ತಾನೇ ಓಡಿಸಿ ಕಂತು ಕಟ್ಟುವವರು. ಭಟ್ಕಳ, ಹೊನ್ನಾವರ, ಕುಮಟಾದ ಲಾರಿ ಮಾಲೀಕರಲ್ಲೂ ಹೆಚ್ಚಿನವರು ಇಂಥವರೇ. ಇವರ ಚಾಲಕರು ಕಾಯಿದೆಯ ಹೊರಗೇ ಉಳಿದರು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆಗೆ ಸಂಬಂಧಿಸಿದ ಸಂಹಿತೆ 1961ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಅದರೊಂದಿಗೆ ಐದು ಎಂದಿದ್ದ ಸಂಖ್ಯೆ ಹತ್ತಕ್ಕೆ ಏರಿತು. ಕಾನೂನು ಚಾಲಕನಿಗೆ ಹತ್ತಿರ ಬರಬೇಕಾಗಿತ್ತು, ಇನ್ನೂ ದೂರ ಸರಿಯಿತು.

ಇದಕ್ಕಿಂತ ಆಳವಾದ ಇನ್ನೊಂದು ಕೊರತೆಯಿದೆ. ಅದರ ಬಗ್ಗೆ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ. 1961ರ ಕಾಯಿದೆ ಕೆಲಸದ ಹೊತ್ತು ಎಂದರೇನೆಂದು ವಿವರಿಸುವಾಗ ಗಾಡಿ ಓಡುವ ಹೊತ್ತನ್ನು ಸೇರಿಸಿತು, ಅದಕ್ಕೆ ಸಂಬಂಧಿಸಿದ ಚಿಲ್ಲರೆ ಕೆಲಸಗಳ ಹೊತ್ತನ್ನೂ ಸೇರಿಸಿತು. ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಹೊತ್ತಿನ ಮಾತು ಬಂದಾಗ ಮಾತ್ರ, ಹದಿನೈದು ನಿಮಿಷಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ಎಂದಿತು. ಬಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಮಾತು ಇದು ಎಂದು ಕಾಣುತ್ತದೆ. ಲಾರಿಯ ಬದುಕು ಬೇರೆ. ಲಾರಿ ಚಾಲಕನ ದಿನದ ದೊಡ್ಡ ಪಾಲು ಹೋಗುವುದೇ ಕಾಯುವುದರಲ್ಲಿ. ಗೋದಾಮಿನ ಗೇಟಿನ ಹೊರಗೆ ಸರದಿ, ಹಮಾಲರು ಬರುವವರೆಗೆ, ತೂಕದ ಚೀಟಿ ಬರುವವರೆಗೆ, ಬಿಲ್ಲು ಆಗುವವರೆಗೆ. ಮುಟ್ಟಿದ ಊರಲ್ಲಿ ಮತ್ತೆ ಅದೇ. ಭಾನುವಾರ ಮುಟ್ಟಿದರೆ ಸೋಮವಾರದವರೆಗೆ ಗಾಡಿ ಖಾಲಿಯಾಗದು. ಬಳಿಕ ರಿಟರ್ನ್ ಲೋಡಿಗಾಗಿ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಒಂದು ದಿನ, ಎರಡು ದಿನ. ಆ ಹೊತ್ತಿನಲ್ಲಿ ಅವನು ಸರಕಿನ ಕಾವಲುಗಾರ. ಡೀಸೆಲ್ ಕದಿಯುವವರಿದ್ದಾರೆ, ಸ್ಟೆಪ್ನಿ ಬಿಚ್ಚುವವರಿದ್ದಾರೆ, ಟಾರ್ಪಾಲು ಹರಿಯುವವರಿದ್ದಾರೆ. ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲದೆ ಗಾಡಿ ಬಿಟ್ಟು ಹೋಗುವಂತಿಲ್ಲ. ಬಿಸಿಲಿಗೆ ಕಾದ ತಗಡಿನ ಕ್ಯಾಬಿನ್ನಿನಲ್ಲಿ ನಿದ್ದೆಯೂ ಹತ್ತುವುದಿಲ್ಲ. ಹೀಗೆ ಕೂಲಿಯೂ ಇಲ್ಲದ ವಿಶ್ರಾಂತಿಯೂ ಅಲ್ಲದ ಹೊತ್ತು ಮುಗಿದ ಮೇಲೆ, ತಡವಾಯಿತು ಬೇಗ ಹೊರಡು ಎಂಬ ಫೋನು ಬರುತ್ತದೆ. ಗೋದಾಮಿನವರು ಹಗಲಲ್ಲಿ ಕಳೆದ ಗಂಟೆಗಳನ್ನು ರಾತ್ರಿಯ ರಸ್ತೆಯಲ್ಲಿ ತೀರಿಸಬೇಕಾದವನು ಚಾಲಕ.

ಬಹುತೇಕರಿಗೆ ಸಂಬಳ ಟ್ರಿಪ್ಪಿನ ಲೆಕ್ಕದಲ್ಲಿ. ತಿಂಗಳಿಗೆ ಇಷ್ಟೆಂದು ಸಣ್ಣ ಮೊತ್ತ, ಮೇಲೆ ಟ್ರಿಪ್ಪಿಗೆ ಇಷ್ಟು ಬತ್ತಾ. ಇಲ್ಲವೇ ಬಾಡಿಗೆಯಲ್ಲೇ ಒಂದು ಪಾಲು. ಗಾಡಿ ಕಾದದ್ದಕ್ಕೆ ಹಾಲ್ಟಿಂಗ್ ಎಂದು ಮಾಲೀಕನಿಗೆ ಸ್ವಲ್ಪ ಸಿಕ್ಕರೂ ಅದು ಚಾಲಕನ ಕೈಗೆ ಬರುವುದು ಅಪರೂಪ. ತಿಂಗಳಿಗೆ ನಾಲ್ಕು ಟ್ರಿಪ್ಪು ಮಾಡಿದವನಿಗಿಂತ ಆರು ಮಾಡಿದವನ ಮನೆಗೆ ಹೆಚ್ಚು ದುಡ್ಡು ಹೋಗುತ್ತದೆ. ಇಂಥ ಲೆಕ್ಕ ಇಟ್ಟುಕೊಂಡು, ನಿದ್ದೆ ಬಂದಾಗ ಗಾಡಿ ನಿಲ್ಲಿಸು ಎಂದು ಹೆದ್ದಾರಿಯ ಬದಿಗೆ ಫಲಕ ಹಾಕಿದರೆ ಅದು ಅವನಿಗೆ ಕೊಡುವ ಸಲಹೆಯಾಗುವುದಿಲ್ಲ. ನಿನ್ನ ಮಕ್ಕಳ ಫೀಸಿನಲ್ಲಿ ಇಷ್ಟು ಕಡಿಮೆ ಮಾಡಿಕೋ ಎಂದಂತೆ ಅವನ ಕಿವಿಗೆ ಕೇಳುತ್ತದೆ.

ಹಿಂದೆ ಒಂದು ನಿಯಮವಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 90ನೆಯದು, ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಸೀಟಿನ ಹಿಂದೆ ಎರಡನೆಯವನು ಕಾಲು ಚಾಚಿ ಮಲಗುವಷ್ಟು ಉದ್ದದ ಸೀಟು ಇರಬೇಕು ಎಂದಿತ್ತು. ನಿದ್ದೆಯನ್ನು ಅಷ್ಟು ನೇರವಾಗಿ ಹೆಸರಿಸಿ ಅದಕ್ಕೆ ಜಾಗ ಕೊಟ್ಟ ಇನ್ನೊಂದು ನಿಯಮ ನಮ್ಮ ಸಾರಿಗೆ ಕಾನೂನಿನಲ್ಲಿ ನನಗೆ ಕಂಡಿಲ್ಲ. ಅದು ಎಲ್ಲ ಕಡೆ ಪಾಲನೆಯಾಗುತ್ತಿತ್ತು ಎಂದಲ್ಲ. ಕ್ಲೀನರನನ್ನೇ ಎರಡನೇ ಚಾಲಕನೆಂದು ತೋರಿಸಿ ಮುಂದೆ ಹೋಗುವುದು ಸಾಮಾನ್ಯವಾಗಿತ್ತು. ಆದರೆ ನಿಯಮ ಪುಸ್ತಕದಲ್ಲಿದ್ದಷ್ಟು ದಿನ ಕೇಳುವ ಹಕ್ಕಾದರೂ ಇತ್ತು. 2018ರಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷದ ಜುಲೈಯಲ್ಲಿ ಲಾರಿಗಳು ಹೊರಬಹುದಾದ ಭಾರದ ಮಿತಿಯನ್ನೂ ಏರಿಸಿದರು. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ಒಂದೇ ವರ್ಷದಲ್ಲಿ ಹೇರು ಹೆಚ್ಚಾಯಿತು, ಓಡಿಸುವ ಕೈ ಕಡಿಮೆಯಾಯಿತು. ಎರಡಕ್ಕೂ ಕೊಟ್ಟ ಕಾರಣ ಸಾಗಾಟದ ಖರ್ಚು ಇಳಿಸುವುದು. ಆ ಇಳಿದ ಖರ್ಚಿನ ಒಂದು ಭಾಗ ಚಾಲಕನ ನಿದ್ದೆಯಿಂದ ಬಂದದ್ದು ಎಂದು ಯಾರೂ ಬರೆದಿಡಲಿಲ್ಲ.

ಕ್ಲೀನರ್‌ಗಳೂ ಈಗ ಕಡಿಮೆ. ಎಡಬದಿಯಲ್ಲಿ ಕೂತು ಹಿಂದೆ ಬರುವ ಗಾಡಿ ನೋಡುವವನು, ಘಾಟಿಯಲ್ಲಿ ಚಕ್ರಕ್ಕೆ ಕಲ್ಲು ಕೊಡುವವನು, ಚಾಲಕನ ಕಣ್ಣು ಎಳೆಯುತ್ತಿದ್ದರೆ ಮಾತಿಗೆಳೆಯುವವನು ಕ್ಲೀನರ್. ಕಸುಬು ಕಲಿಯುವ ದಾರಿಯೂ ಅದೇ ಆಗಿತ್ತು. ಕ್ಲೀನರ್ ಆಗಿ ಗಾಡಿ ಹತ್ತಿ ಕೆಲವು ವರ್ಷಗಳಲ್ಲಿ ಚಾಲಕನಾದವರ ಒಂದು ಇಡೀ ತಲೆಮಾರು ನಮ್ಮ ತಾಲ್ಲೂಕುಗಳಲ್ಲಿದೆ. ಅವರ ಮಕ್ಕಳು ಈ ಕಸುಬಿಗೆ ಬರುತ್ತಿಲ್ಲ. ಚಾಲಕರು ಸಿಗುತ್ತಿಲ್ಲವೆಂದು ಮಾಲೀಕರು ಹೇಳುವುದು ಸುಳ್ಳಲ್ಲ. ಆದರೆ ಇದ್ದ ಒಬ್ಬನಿಂದಲೇ ಇಬ್ಬರ ಕೆಲಸ ತೆಗೆಯುವ ಕಸುಬಿಗೆ ಹೊಸಬರು ಯಾಕೆ ಬಂದಾರು?

ಯಾವಾಗ ಮಲಗಬೇಕು ಎಂಬುದು ಹೀಗಾದರೆ, ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆ ತೀರಾ ಕ್ರೂರವಾದ ಉತ್ತರ ಕಂಡಿದೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ರಸ್ತೆಯನ್ನೂ ಅದರಾಚೆಗಿದ್ದ ಚಹಾ ಹೋಟೆಲನ್ನೂ ಗಂಗಾವಳಿ ಹೊಳೆಗೆ ತಳ್ಳಿತು. ಹನ್ನೊಂದು ಮಂದಿಯನ್ನು ಅದು ನುಂಗಿತು. ಹೋಟೆಲು ನಡೆಸುತ್ತಿದ್ದ ಕುಟುಂಬ, ಹೊಳೆಯಾಚೆಯ ಮನೆಯಲ್ಲಿದ್ದ ಹೆಂಗಸು, ತಮಿಳುನಾಡಿನ ಟ್ಯಾಂಕರ್ ಚಾಲಕರು, ಮರದ ಲೋಡು ಹೊತ್ತು ಊರಿಗೆ ಹೊರಟಿದ್ದ ಕೇರಳದ ಒಬ್ಬ ಯುವ ಚಾಲಕ. ಅವನ ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಎಪ್ಪತ್ತು ದಿನ ಕಳೆದ ಮೇಲೆ. ಅವನು ಕ್ಯಾಬಿನ್ನಿನೊಳಗೇ ಇದ್ದ.

ಗುಡ್ಡ ಕಡಿದ ರೀತಿ, ಇಳಿಜಾರು ಬಿಡದ ಕಾಮಗಾರಿ, ಮಳೆ ಇವುಗಳ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು, ಆಗಬೇಕಾದ್ದೇ. ಆದರೆ ಅಷ್ಟೊಂದು ಲಾರಿ, ಟ್ಯಾಂಕರು ಆ ಗುಡ್ಡದ ಬುಡದಲ್ಲೇ ಯಾಕೆ ನಿಂತಿದ್ದವು ಎಂಬುದನ್ನು ನಾವು ಸಾಕಷ್ಟು ಕೇಳಲಿಲ್ಲ. ನಿಲ್ಲಲು ಅಲ್ಲಿ ಜಾಗವಿತ್ತು, ಒಂದು ಲೋಟ ಚಹಾ ಇತ್ತು, ಮುಖ ತೊಳೆಯಲು ನೀರಿತ್ತು, ಪರಿಚಯದ ಮುಖಗಳಿದ್ದವು. ಗೋವಾ ಗಡಿಯಿಂದ ಕುಂದಾಪುರದವರೆಗೆ ಚತುಷ್ಪಥ ಮಾಡುವಾಗ ಸಹ್ಯಾದ್ರಿಗೂ ಸಮುದ್ರಕ್ಕೂ ನಡುವಿನ ಸಣ್ಣ ಪಟ್ಟಿಯಲ್ಲಿ ರಸ್ತೆ ತೂರಿಸಬೇಕಾಯಿತು. ಕುಮಟಾ, ಹೊನ್ನಾವರ, ಭಟ್ಕಳ ಪೇಟೆಗಳಲ್ಲಿ ಅದರ ಅಗಲ ಎಷ್ಟಿರಬೇಕೆಂದು ವರ್ಷಗಟ್ಟಲೆ ಜಗಳವಾಯಿತು. ಎಷ್ಟು ಮನೆ ಹೋಗುತ್ತದೆ, ಎಷ್ಟು ಅಂಗಡಿ ಹೋಗುತ್ತದೆ ಎಂಬ ನ್ಯಾಯವಾದ ಆತಂಕದ ನಡುವೆ ಲಾರಿಗಳು ಎಲ್ಲಿ ನಿಲ್ಲಬೇಕು ಎಂಬ ಮಾತು ಸದ್ದಡಗಿ ಹೋಯಿತು. ಚತುಷ್ಪಥ ಹೆದ್ದಾರಿಗಳ ಮಾನದಂಡದಲ್ಲೇ ಲಾರಿ ತಂಗುದಾಣಗಳ ಪ್ರಸ್ತಾಪವಿದೆ. ಸಾವಿರ ಕಡೆ ಚಾಲಕರಿಗೆ ವಿಶ್ರಾಂತಿ ತಾಣ ಕಟ್ಟುವುದಾಗಿ 2024ರ ಫೆಬ್ರವರಿಯಲ್ಲಿ ಪ್ರಧಾನಿ ಘೋಷಿಸಿದರು. ಊರಿನವರಿಗೆ ಕಾಣುವ ಚಿತ್ರ ಇನ್ನೂ ಹಳೆಯದೇ. ಪೆಟ್ರೋಲ್ ಬಂಕಿನ ಅಂಗಳ, ಸರ್ವಿಸ್ ರಸ್ತೆಯ ಅಂಚು, ಮುಚ್ಚಿದ ಅಂಗಡಿಯ ಮುಂದಿನ ಮಣ್ಣು, ಟೋಲ್ ದಾಟಿದ ಮೇಲಿನ ಅಗಲ ಜಾಗ. ರಸ್ತೆ ಬದಿಗೆ ಕತ್ತಲಲ್ಲಿ ನಿಂತ ಲಾರಿಗೆ ಹಿಂದಿನಿಂದ ಬೈಕು ಹೊಡೆದು ಊರಿನ ಹುಡುಗ ಸತ್ತರೆ ನಾವು ಲಾರಿಯವನನ್ನು ಶಪಿಸುತ್ತೇವೆ. ಅವನು ನಿಲ್ಲದೆ ಹೋಗಿದ್ದರೂ ಶಪಿಸುತ್ತಿದ್ದೆವು. ಅವನಿಗೆ ಸರಿಯಾದ ಮೂರನೆಯ ದಾರಿಯೊಂದನ್ನು ನಾವು ಕಟ್ಟಿಕೊಟ್ಟಿಲ್ಲ.

ತಂಗುದಾಣ ಎಂದರೆ ಡಾಂಬರು ಹಾಕಿದ ಖಾಲಿ ಜಾಗವಲ್ಲ. ದೀಪ ಬೇಕು, ಕಾವಲು ಬೇಕು, ಶೌಚಾಲಯ ಬೇಕು, ಸ್ನಾನಕ್ಕೆ ನೀರು ಬೇಕು, ಎಂಟು ಗಂಟೆ ಗಾಡಿ ಬಿಟ್ಟು ಮಲಗಿದರೆ ಡೀಸೆಲ್ ಇದ್ದಲ್ಲೇ ಇರುತ್ತದೆ ಎಂಬ ಧೈರ್ಯ ಬೇಕು. ಗ್ಯಾಸ್ ಮತ್ತು ಪೆಟ್ರೋಲ್ ಟ್ಯಾಂಕರುಗಳಿಗೆ ಮನೆಗಳಿಂದ ದೂರದ ಪ್ರತ್ಯೇಕ ಜಾಗ ಬೇಕು. ಕಾರವಾರದಿಂದ ಭಟ್ಕಳದವರೆಗೆ ಇಂಥ ಎರಡು ಮೂರು ಸ್ಥಳ ಗುರುತಿಸುವುದು ಜಿಲ್ಲಾಡಳಿತಕ್ಕೂ ಹೆದ್ದಾರಿ ಪ್ರಾಧಿಕಾರಕ್ಕೂ ಆಗದ ಕೆಲಸವೇನಲ್ಲ. ಇದರ ಜೊತೆಗೆ ಇನ್ನೊಂದು ಮಾತು. ದೊಡ್ಡ ಗಾಯವಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಾದ ಜಿಲ್ಲೆ ನಮ್ಮದು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸೇ ಬೈಂದೂರು ಬಳಿಯ ಶಿರೂರು ಟೋಲಿನಲ್ಲಿ ಮಗುಚಿ ಜೀವಗಳು ಹೋದದ್ದನ್ನು ಇಲ್ಲಿಯವರು ಮರೆತಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆಗಾಗಿ ನಾವು ಎತ್ತುವ ಕೂಗಿನಲ್ಲಿ ಈ ದಾರಿಯಲ್ಲಿ ಹಾದುಹೋಗುವ ಹೊರಗಿನ ಚಾಲಕನ ಪಾಲೂ ಇದೆ.

ಲಾರಿಯ ಗಡಿಯಾರ ನಮ್ಮ ಊಟದ ಗಡಿಯಾರಕ್ಕೆ ಕಟ್ಟಿಕೊಂಡಿದೆ. ಕರಾವಳಿಯ ತರಕಾರಿ ಬರುವುದು ಘಟ್ಟದ ಮೇಲಿನಿಂದ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾದ ಸಂತೆಗೆ ಹೊರಟಿದ್ದ ಹಣ್ಣು ತರಕಾರಿಯ ಲಾರಿ ಯಲ್ಲಾಪುರದ ಅರಬೈಲು ಘಾಟಿಯ ದಾರಿಯಲ್ಲಿ ಕಂದಕಕ್ಕೆ ಉರುಳಿ ಅದರ ಮೇಲಿದ್ದ ಹತ್ತು ಮಂದಿ ವ್ಯಾಪಾರಸ್ಥರು ಸತ್ತರು. ಸಂತೆ ಬೆಳಿಗ್ಗೆ ತೆರೆಯಬೇಕು, ಆದ್ದರಿಂದ ಲಾರಿ ರಾತ್ರಿ ಓಡಬೇಕು. ಬೇರೆ ಗಾಡಿ ಇಲ್ಲ, ಆದ್ದರಿಂದ ಮಾಲಿನ ಮೇಲೆಯೇ ಮನುಷ್ಯರೂ ಕೂರಬೇಕು. ಮೀನಿನದ್ದೂ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ನಮ್ಮ ಪೇಟೆಯ ಮೀನು ತಮಿಳುನಾಡು, ಆಂಧ್ರದ ಪೂರ್ವ ಕರಾವಳಿಯಿಂದ ಲಾರಿ ಹತ್ತಿ ಬರುತ್ತದೆ. ಮಂಜುಗಡ್ಡೆ ಕರಗುವುದರೊಳಗೆ ಮುಟ್ಟಬೇಕು. ಒಂದು ಗಂಟೆ ತಡವಾದರೆ ದರ ಇಳಿಯುತ್ತದೆ, ಇಳಿದ ದರದ ನಷ್ಟ ಕೊನೆಗೆ ಚಾಲಕನ ತಲೆಗೆ ಬರುತ್ತದೆ. ಮೀನು ಕಾಯುವುದಿಲ್ಲ, ಇದನ್ನು ಒಪ್ಪಲೇಬೇಕು. ಮೀನು ಕಾಯದಿದ್ದರೆ ಚಾಲಕರು ಇಬ್ಬರಿರಬೇಕು. ಆದರೆ ಟೈಲ್ಸ್, ಸಿಮೆಂಟು, ಅಡಿಕೆ, ಕಬ್ಬಿಣ ಕಾಯುತ್ತವೆ. ಅವಕ್ಕೂ ಮೀನಿನ ಅವಸರವನ್ನೇ ಅಂಟಿಸಿದ್ದೇವಲ್ಲ, ಅದು ಯಾವ ಅಗತ್ಯದಿಂದಲೂ ಬಂದದ್ದಲ್ಲ.

ಸರ್ಕಾರದ ಇನ್ನೊಂದು ಕಾಗದವೇ ಇದಕ್ಕೆ ಸಾಕ್ಷಿ. ಜಿಎಸ್‌ಟಿ ಬಂದ ಮೇಲೆ ಸರಕಿನ ಜೊತೆಗಿರಬೇಕಾದ ಇ-ವೇ ಬಿಲ್ಲಿಗೆ 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ಕೊಡುತ್ತಾರೆ. ಮಂಗಳೂರಿನಿಂದ ಮುಂಬಯಿಗೆ ಸುಮಾರು 900 ಕಿ.ಮೀ., ಅಂದರೆ ಐದು ದಿನ. ತೆರಿಗೆ ಇಲಾಖೆ ಐದು ದಿನ ಸಾಕು ಎನ್ನುವ ದಾರಿಯನ್ನು ಒಂದೂವರೆ ದಿನದಲ್ಲಿ ಮುಗಿಸೆಂದು ಚಾಲಕನ ಬೆನ್ನು ಹತ್ತುವುದು ಕಾನೂನಲ್ಲ, ಸರಕು ಕಳಿಸಿದವನ ಫೋನು.

ಚಾಲಕನ ಕೆಲಸದ ಹೊತ್ತಿಗೆ ಮಿತಿ ಬೇಕು ಎಂದಾಗ ಸಾಮಾನ್ಯವಾಗಿ ಮೂರು ಆಕ್ಷೇಪಗಳು ಬರುತ್ತವೆ. ಚಾಲಕರೇ ಹೆಚ್ಚು ಓಡಿಸಲು ಬಯಸುತ್ತಾರೆ ಎನ್ನುವುದು ಮೊದಲನೆಯದು. ನಿಜ, ಬಯಸುತ್ತಾರೆ. ಟ್ರಿಪ್ಪಿಗೆ ಕೂಲಿ ಕೊಟ್ಟು ಗಂಟೆಗೆ ಮಿತಿ ಹಾಕಿದರೆ ಅವರೇ ಮೊದಲು ವಿರೋಧಿಸುತ್ತಾರೆ, ವಿರೋಧಿಸಬೇಕಾದದ್ದೂ ಹೌದು. ಅಮೆರಿಕದಲ್ಲಿ ಕೆಲಸ ಶುರು ಮಾಡಿದ 14 ಗಂಟೆಗಳೊಳಗೆ 11 ಗಂಟೆ ಮಾತ್ರ ಓಡಿಸಬಹುದು, ಬಳಿಕ 10 ಗಂಟೆ ಬಿಡುವು ಕಡ್ಡಾಯ. ಗೋದಾಮಿನಲ್ಲಿ ಕಾದ ಹೊತ್ತೂ ಆ ಹದಿನಾಲ್ಕರೊಳಗೇ ಕರಗುತ್ತದೆ, ಆದರೆ ಅದಕ್ಕೆ ಕೂಲಿ ಸಿಗುವ ಖಾತ್ರಿಯಿಲ್ಲ. ಹಾಗಾಗಿ ಉಳಿದ ಹೊತ್ತಿನಲ್ಲಿ ಅವಸರ ಮಾಡುವ ಒತ್ತಡ ಅಲ್ಲೂ ಇದೆ. ನಾವು ಗಂಟೆಯ ಮಿತಿ ಎಂಬ ಆ ಅರ್ಧವನ್ನಷ್ಟೇ ನಕಲು ಮಾಡಿದರೆ ಚಾಲಕನಿಗೆ ಹೊಸದೊಂದು ದಂಡ ಸಿಕ್ಕೀತು, ನಿದ್ದೆ ಸಿಗದು. ಯುರೋಪಿನ 2006ರ ನಿಯಮ ಹೆಚ್ಚು ಬುದ್ಧಿವಂತಿಕೆಯದು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಚಾಲನೆ ಎನ್ನುವುದರ ಜೊತೆಗೆ ಅದು ಇನ್ನೆರಡು ಮಾತು ಹೇಳುತ್ತದೆ. ರಸ್ತೆ ಸುರಕ್ಷತೆಗೆ ಅಪಾಯ ತರುವಂತೆ ದೂರದ ಮೇಲೆ, ಮುಟ್ಟಿಸುವ ವೇಗದ ಮೇಲೆ ಚಾಲಕನಿಗೆ ಹಣ ಕೊಡಬಾರದು. ಸರಕು ಕಳಿಸುವವರೂ ಮಧ್ಯವರ್ತಿಗಳೂ ಒಪ್ಪಂದ ಮಾಡಿಕೊಳ್ಳುವ ವೇಳಾಪಟ್ಟಿ ಈ ನಿಯಮಕ್ಕೆ ಹೊಂದಬೇಕು. ಹೊಣೆ ಸ್ಟಿಯರಿಂಗಿನಿಂದ ಗೋದಾಮಿನ ಮೇಜಿನವರೆಗೆ ಹೋಗುತ್ತದೆ. ನಮ್ಮಲ್ಲಿ ಅದು ಸ್ಟಿಯರಿಂಗಿನಲ್ಲೇ ನಿಲ್ಲುತ್ತದೆ. ಅಪಘಾತ ಮಾಡಿ ತಿಳಿಸದೆ ಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಸಜೆ ಎಂಬ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿಗೆ 2024ರ ಹೊಸ ವರ್ಷದ ದಿನ ದೇಶದ ಲಾರಿಗಳು ನಿಂತವು. ಸಂಹಿತೆ ಆ ಜುಲೈಯಲ್ಲಿ ಜಾರಿಯಾದಾಗ ಆ ಭಾಗವನ್ನು ತಡೆಹಿಡಿದರು. ಹೇಳದೆ ಓಡಿಹೋಗುವುದು ತಪ್ಪೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಶಿಕ್ಷೆಯನ್ನು ಅಷ್ಟು ವಿವರವಾಗಿ ಯೋಚಿಸಿದ ದೇಶ ಅವನ ನಿದ್ದೆಯ ಬಗ್ಗೆ ಅದರ ಕಾಲುಭಾಗದಷ್ಟಾದರೂ ಯೋಚಿಸಬೇಕಿತ್ತು.

ಎರಡನೆಯದು, ಇದನ್ನೆಲ್ಲ ಪರೀಕ್ಷಿಸುವವರು ಯಾರು? ದಾರಿಯಲ್ಲಿ ಇನ್ನೊಬ್ಬ ಅಧಿಕಾರಿ ಕೈ ಅಡ್ಡ ಹಿಡಿದು ನಿಂತರೆ ಇನ್ನೊಂದು ಮಾಮೂಲಿಗೆ ದಾರಿಯಾಗುತ್ತದೆ ಎಂಬ ಚಾಲಕರ ಭಯ ಸುಳ್ಳಲ್ಲ. ಹೊಸ ಅಧಿಕಾರಿ ಬೇಕಾಗಿಲ್ಲ. ಅಂಕೋಲಾದ ಹಟ್ಟಿಕೇರಿ, ಕುಮಟಾದ ಹೊಳೆಗದ್ದೆ, ಬೈಂದೂರಿನ ಶಿರೂರು ಟೋಲುಗಳಲ್ಲಿ ಪ್ರತಿ ಲಾರಿ ಹಾದ ಹೊತ್ತನ್ನು ಫಾಸ್ಟ್ಯಾಗ್ ದಾಖಲಿಸುತ್ತದೆ. 2021ರಿಂದ ಅದನ್ನು ಇ-ವೇ ಬಿಲ್ಲಿನ ಜೊತೆ ಜೋಡಿಸಿ ತೆರಿಗೆ ತಪ್ಪಿಸುವವರನ್ನು ಹಿಡಿಯಲು ಬಳಸುತ್ತಿದ್ದಾರೆ. ಅದೇ ದಾಖಲೆಯಲ್ಲಿ ಒಂದು ಲಾರಿ ಎಷ್ಟು ಹೊತ್ತು ನಿಲ್ಲದೆ ಓಡಿದೆ ಎಂಬುದೂ ಇದೆ. ಟೋಲಿಗೆ ಗೊತ್ತಾಗುವುದು ಗಾಡಿ, ಚಾಲಕನಲ್ಲ. ಆದ್ದರಿಂದ ಬಿಲ್ಲಿನಲ್ಲಿ ಚಾಲಕನ, ಇಬ್ಬರಿದ್ದರೆ ಇಬ್ಬರದೂ, ಲೈಸೆನ್ಸ್ ಸಂಖ್ಯೆ ಬರೆಯಬೇಕಾಗುತ್ತದೆ. ಒಬ್ಬನೇ ಚಾಲಕನಿದ್ದ ಲಾರಿ ಮಂಗಳೂರಿನಿಂದ ಪನ್ವೆಲ್‌ವರೆಗೆ ಒಂದೇ ಉಸಿರಿಗೆ ಹೋಗಿದ್ದರೆ ನೋಟಿಸು ಹೋಗಬೇಕಾದದ್ದು ಆ ಸರಕಿನ ಬಿಲ್ಲು ಮಾಡಿದವನಿಗೆ. ತೆರಿಗೆಗಾಗಿ ಆಗುವ ಕೆಲಸ ಜೀವಕ್ಕಾಗಿ ಆಗದೇ?

ಮೂರನೆಯದು ಖರ್ಚು. ಹತ್ತು ಚಕ್ರದ ಲಾರಿ ಸುಮಾರು 18 ಟನ್ ಸರಕು ಹೊತ್ತು ಮುಂಬಯಿಗೆ ಹೊರಟಿದೆ ಅಂದುಕೊಳ್ಳೋಣ. ಎರಡನೆಯ ಚಾಲಕನಿಗೆ ಆ ಟ್ರಿಪ್ಪಿಗೆ 4,500 ರೂಪಾಯಿ ಕೊಟ್ಟರೆ ಕಿಲೋಗೆ 25 ಪೈಸೆ ಬೀಳುತ್ತದೆ. ಇಬ್ಬರು ಬೇಡ, ಒಬ್ಬನೇ ರಾತ್ರಿ ಮಲಗಿ ಹೋಗಲಿ ಎಂದರೆ ಲಾರಿ ಒಂದು ದಿನ ಹೆಚ್ಚು ದಾರಿಯಲ್ಲಿರುತ್ತದೆ. ಆ ದಿನದ ಕಂತು, ಬತ್ತಾ ಸೇರಿದರೂ ಮೊತ್ತ ಇದರ ಆಸುಪಾಸಿನದೇ. ಈ ನಾಲ್ಕಾಣೆಯನ್ನು ಸಣ್ಣ ಮಾಲೀಕ ಭರಿಸಲಾರ. ಅವನ ಮೇಲೆ ಕಂತಿದೆ, ಪಕ್ಕದ ಮಾಲೀಕ ಇನ್ನೂ ಕಡಿಮೆ ಬಾಡಿಗೆಗೆ ಹೊರಡಲು ಸಿದ್ಧನಿದ್ದಾನೆ. ಅದನ್ನು ಕೊಡಬೇಕಾದವನು ಸರಕಿನ ಯಜಮಾನ, ಅವನ ಮೂಲಕ ನಾವು. ಎಲ್ಲರಿಗೂ ಒಟ್ಟಿಗೆ ಅನ್ವಯವಾಗುವ ನಿಯಮವಿದ್ದರೆ ಮಾತ್ರ ಇದು ನಡೆಯುತ್ತದೆ, ಇಲ್ಲದಿದ್ದರೆ ಒಳ್ಳೆಯ ಮಾಲೀಕನೇ ಮೊದಲು ಸೋಲುತ್ತಾನೆ.

ಆ ನಿಯಮ ಬರುವವರೆಗೆ ಕಾಯಬೇಕಾಗಿಲ್ಲದ ಒಂದು ದಾರಿ ಮಾತ್ರ ಉತ್ತರ ಕನ್ನಡಕ್ಕಿದೆ. ನಮ್ಮ ಅಡಿಕೆಯ ದೊಡ್ಡ ಪಾಲು ಸಾಗುವುದು ಬೆಳೆಗಾರರದೇ ಸಹಕಾರಿ ಸಂಘಗಳ ಮೂಲಕ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರದು, ಮಂಗಳೂರಿನ ಕ್ಯಾಂಪ್ಕೊ 1973ರದು. ಮೀನುಗಾರರಿಗೂ ಸಹಕಾರಿ ಸಂಘಗಳಿವೆ. ಸಣ್ಣ ಬೆಳೆಗಾರ ಒಬ್ಬಂಟಿಯಾಗಿ ದಲ್ಲಾಳಿಯ ಮುಂದೆ ನಿಲ್ಲಬಾರದು ಎಂದು ಹುಟ್ಟಿದ ಸಂಸ್ಥೆಗಳು ಇವು. ಒಬ್ಬಂಟಿಯಾಗಿ ನಿಂತವನ ಕಷ್ಟ ಅವುಗಳಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಉತ್ತರ ಭಾರತಕ್ಕೆ ಅಡಿಕೆ ಹೊರಡಿಸುವಾಗ ಬಾಡಿಗೆಯ ಕರಾರಿನಲ್ಲಿ ಮೂರು ಸಾಲು ಸೇರಿಸಬಹುದು. ಐನೂರು ಕಿ.ಮೀ. ಮೀರಿದರೆ ಇಬ್ಬರು ಚಾಲಕರು, ಇಲ್ಲವೇ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಗಾಡಿ ನಿಲ್ಲಬೇಕು. ಲೋಡು ಮಾಡುವಲ್ಲಿ, ಇಳಿಸುವಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಯಿಸಿದರೆ ಗಂಟೆಗಿಷ್ಟೆಂದು ಹಣ, ಅದೂ ನೇರವಾಗಿ ಚಾಲಕನ ಖಾತೆಗೆ. ಸರಕಿನ ರವಾನೆ ಚೀಟಿಯಾದ ಬಿಲ್ಟಿಯಲ್ಲಿ ತೂಕದ ಪಕ್ಕದಲ್ಲೇ ಎರಡು ಖಾನೆ: ಗಾಡಿ ಗೇಟಿಗೆ ಬಂದ ಹೊತ್ತು, ಗೇಟು ಬಿಟ್ಟ ಹೊತ್ತು. ಅದಕ್ಕೆ ಗೋದಾಮಿನವರ ಸಹಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಬ್ಬ ಸದಸ್ಯ ಎದ್ದು ಕೇಳಿದರೆ ಚರ್ಚೆಗೆ ಬರಲೇಬೇಕಾದ ವಿಷಯ ಇದು.